ಆರಿಸದೆ ಬಿಟ್ಟ ಬಲ್ಬು

ಆಪರೇಷನ್ ಥಿಯೇಟರಿನ ಬಾಗಿಲ ಹೊರಗೆ, ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಯಜಮಾನರು ಫೋನಿನ ಆ್ಯಪುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮೇಲಕ್ಕೆ ತಳ್ಳುತ್ತಿದ್ದರು. ಹವಾಮಾನ ಹೋಯಿತು. ಸುದ್ದಿ ಹೋಯಿತು. ಬ್ಯಾಂಕು ಹೋಯಿತು. ಅರ್ಧ ಆಡಿಟ್ಟ ಚದುರಂಗವೂ ಹೊರಡುವಷ್ಟರಲ್ಲಿ ಮಗಳು ಅವರ ಕೈ ಹಿಡಿದುಕೊಂಡಳು.

"ಸಾಕಪ್ಪಾ, ಕೊಡಿ ಇಲ್ಲಿ."

"ಹಿಂದೆ ಓಡ್ತಾ ಇರ್ತವಮ್ಮ. ಬ್ಯಾಟರಿ ತಿಂದು ಹಾಕ್ತವೆ."

ದೊಡ್ಡದೊಂದು ಕಚೇರಿ ಕಟ್ಟಡದ ಉಸ್ತುವಾರಿಯಾಗಿದ್ದ ಅವರು ಸಂಬಳ ತೆಗೆದುಕೊಂಡದ್ದೇ ಆರಿಸುವುದಕ್ಕೆ. ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಮಹಡಿ ಮಹಡಿ ತಿರುಗಿ ದೀಪ, ಫ್ಯಾನು, ಯಾರೋ ಮರೆತುಹೋದ ಹೀಟರು, ಕೊನೆಗೆ ಲಿಫ್ಟು. ನಿವೃತ್ತಿಯಾದ ಮೇಲೆ ಆ ಕೆಲಸ ಅವರ ಬೆನ್ನಿಗೇ ಮನೆಗೂ ಬಂತು. ಸ್ನಾನಕ್ಕೆ ಹೋದವರು ಮುಖಕ್ಕೆ ಸೋಪು ಹಚ್ಚಿಕೊಂಡಿರುವಾಗಲೇ ಕತ್ತಲಾಗುತ್ತಿತ್ತು. ಮನೆಯವರು 'ಮೇನ್ ಸ್ವಿಚ್' ಎಂದು ಹೆಸರಿಟ್ಟರು. ಅವರು ಅದನ್ನು ಬಿರುದೆಂದೇ ತೆಗೆದುಕೊಂಡರು.

ಈ ಬಾಗಿಲವರೆಗೆ ಬಂದು, ಒಲ್ಲೆನೆಂದು ಎದ್ದು ಹೋದದ್ದು ಹಿಂದೊಮ್ಮೆ ಆಗಿತ್ತು. ಪಿತ್ತಕೋಶದ ತುಂಬ ಕಲ್ಲು. ಇನ್ನೂ ತಡಮಾಡಿದರೆ ಒಳಗೇ ಒಡೆದು ಜೀವಕ್ಕೇ ಕುತ್ತು ಬರುತ್ತದೆ ಎಂದು ಸರ್ಜನ್ ಮಗಳಿಗೆ ನೇರವಾಗಿಯೇ ಹೇಳಿದ್ದರು. ಕತ್ತರಿಗಾಗಲಿ ರಕ್ತಕ್ಕಾಗಲಿ ಯಜಮಾನರು ಹೆದರುವವರಲ್ಲ. ಅವರಿಗೆ ಹೆದರಿಕೆ ಇದ್ದದ್ದು ಅದಕ್ಕೂ ಮುಂಚೆ ಬರಿಸುವ ಆ ನಿದ್ದೆಗೆ.

"ಏನು ಯಜಮಾನ್ರೇ, ಇವತ್ತಾದ್ರೂ ಒಳಗೆ ಬರೋ ಮನಸ್ಸಿದೆಯಾ?" ಎನ್ನುತ್ತ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದರು.

"ಡಾಕ್ಟ್ರೇ, ನಾನು ಜೀವನಪೂರ್ತಿ ಸ್ವಿಚ್ ಆರಿಸಿದವನು. ಸಂಜೆ ಆರಿಸಿದ್ದೆಲ್ಲ ಬೆಳಿಗ್ಗೆ ಹತ್ತುತ್ತೆ ಅಂತೇನಿಲ್ಲ. ಯಾವುದಾದ್ರೂ ಒಂದು ಟ್ಯೂಬ್‌ಲೈಟ್ ಕೈ ಕೊಟ್ಟೇ ಕೊಡ್ತಿತ್ತು."

"ಅಪ್ಪಾ, ನೀವು ಟ್ಯೂಬ್‌ಲೈಟ್ ಅಲ್ಲ."

"ನಿಮ್ಮಮ್ಮ ಇದ್ದಿದ್ರೆ ಒಪ್ತಿರಲಿಲ್ಲ."

ಡಾಕ್ಟರಮ್ಮ ನಕ್ಕು ಫೋನು ಇಸಿದುಕೊಂಡರು. ಬ್ಯಾಟರಿ ಆಗಲೇ ಕೆಂಪಾಗಿತ್ತು.

"ಇಷ್ಟೆಲ್ಲ ಮುಚ್ಚಿದ್ರೂ ನಿಲ್ಲಲ್ಲ ನೋಡಿ," ಎಂದರು ಯಜಮಾನರು.

"ಮುಚ್ಚಿದ್ದೂ ಒಂದು ಕಾರಣವೇ. ಇಲ್ಲಿ ನೋಡಿ." ಯಜಮಾನರು ಮುಚ್ಚಿದ್ದ ಸುದ್ದಿಯ ಆ್ಯಪನ್ನು ಡಾಕ್ಟರಮ್ಮ ಒತ್ತಿದರು. ಬಿಳಿ ಪರದೆ, ಲಾಂಛನ, ಸುತ್ತುತ್ತಲೇ ಇರುವ ಚಕ್ರ. "ಮೊದಲಿಂದ ಎಬ್ಬಿಸಬೇಕಲ್ಲ, ಖರ್ಚಾಗೋದು ಅದಕ್ಕೆ." ಆಮೇಲೆ, ಮಗಳು ಉಳಿಸಿದ್ದ ಚದುರಂಗ. ತಟ್ಟನೆ ಮಣೆ ಬಂತು: ಕುದುರೆ ಅದೇ ಮನೆಯಲ್ಲಿ, ಆಡುವ ಸರದಿಯೂ ಯಜಮಾನರದೇ.

"ಹಾಗಾದ್ರೆ ಇದು ಹಿಂದೆ ಓಡ್ತಾ ಇರಲಿಲ್ವಾ?"

"ಹಾಡು, ದಾರಿ ತೋರಿಸೋ ಮ್ಯಾಪು, ಅಂಥವು ಓಡ್ತವೆ. ಮಿಕ್ಕಿದ್ದೆಲ್ಲ ಹೆಚ್ಚಾಗಿ ಮಲಗಿರ್ತವೆ. ಜಾಗ ಸಾಲದಿದ್ರೆ ಯಾರನ್ನ ಆಚೆ ಕಳಿಸಬೇಕು ಅಂತ ಫೋನೇ ನೋಡ್ಕೊಳ್ಳುತ್ತೆ."

ಯಜಮಾನರು ಕತ್ತೆತ್ತಿ ಕುದುರೆಯನ್ನು ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ನನ್ನನ್ನ ಏನು ಮಾಡ್ತೀರಿ? ಮುಚ್ತೀರೋ, ಮಲಗಿಸ್ತೀರೋ?"

"ಮಲಗಿಸ್ತೀನಿ. ಎಲ್ಲಿ ಬಿಟ್ಟಿರ್ತೀರೋ ಅಲ್ಲಿಂದಲೇ ಎದ್ದು ಬರ್ತೀರಿ."

ಆಡಿದ ಮೇಲೆ ಡಾಕ್ಟರಮ್ಮನಿಗೇ ಮುಜುಗರವಾಯಿತು. ಧೈರ್ಯಕ್ಕೆಂದು ಹೇಳಿದ ಮಾತು ಅದು. ಯಾವ ಔಷಧಿ ಎಷ್ಟು ಕೊಡಬೇಕು ಎನ್ನುವುದು ಅವರಿಗೆ ಅಂಗೈಯಷ್ಟು ಪರಿಚಯ. ಆದರೆ ಅಷ್ಟು ಆಳಕ್ಕಿಳಿದವರು ತಮ್ಮ ಹೆಸರು, ಸಿಟ್ಟು, ನಾಚಿಕೆ, ಅರ್ಧ ಮರೆತ ಹಾಡುಗಳನ್ನೆಲ್ಲ ಎತ್ತಿಕೊಂಡು ಯಾವ ಮೆಟ್ಟಿಲು ಹತ್ತಿ ವಾಪಸು ಬರುತ್ತಾರೆ ಎನ್ನುವುದು, ಇಷ್ಟು ಜನರನ್ನು ಮಲಗಿಸಿಯೂ ಪೂರ್ತಿ ತಿಳಿದಿರಲಿಲ್ಲ. ಎದ್ದವರಲ್ಲಿ ಹೆಚ್ಚಿನವರು ನೀರು ಕೇಳುತ್ತಿದ್ದರು. ಕೆಲವರು ಬೈಯುತ್ತಿದ್ದರು.

"ಕುದುರೆ ಮುಟ್ಟಬೇಡ," ಎಂದು ಮಗಳಿಗೆ ಹೇಳಿ ಯಜಮಾನರು ಒಳಗೆ ಹೋದರು.

ಒಳಗೆ ತಣ್ಣಗಿತ್ತು. ಮೇಲೆ ದೊಡ್ಡ ದೀಪ. ಅವರ ಕಣ್ಣು ಅದರ ಸ್ವಿಚ್ಚನ್ನು ಹುಡುಕುವುದನ್ನು ಕಂಡು ಡಾಕ್ಟರಮ್ಮ ಅವರ ಕೈಗೆ ಚುಚ್ಚಿದ್ದ ಸೂಜಿಗೆ ಔಷಧಿ ಏರಿಸುತ್ತ ಮಾತಿಗೆಳೆದರು. "ಅಷ್ಟು ವರ್ಷದಲ್ಲಿ ಆರಿಸದೆ ಬಿಟ್ಟದ್ದು ಒಂದೂ ಇಲ್ವಾ?"

"ಒಂದೇ ಒಂದು. ಮೇಲಿನ ಮಹಡಿ ಮೆಟ್ಟಿಲ ಹತ್ರ ಒಂದು ಬಲ್ಬು. ಮ್ಯಾನೇಜರ್ ಬಾಯಿಗೆ ಬಂದ ಹಾಗೆ ಬೈದ. ಆದ್ರೂ ಆರಿಸಲಿಲ್ಲ ಡಾಕ್ಟ್ರೇ. ಯಾಕೆ ಅಂದ್ರೆ, ಅದರ ಹಿಂದೆ…"

ಮಾತು ನಿಂತಿತು. ರೆಪ್ಪೆ ಮುಟ್ಟಿದರೂ ಅಲುಗಲಿಲ್ಲ.

"ಹಿಂದೆ ಏನಿತ್ತಂತೆ?" ಎಂದರು ಕೈಗವಸು ಹಾಕಿಕೊಳ್ಳುತ್ತಿದ್ದ ಸರ್ಜನ್.

"ಬಾಟ್ಲಿ ಇಟ್ಟಿರಬೇಕು," ಎಂದು ನಕ್ಕಳು ನರ್ಸ್.

ಯಾರೂ ಮತ್ತೆ ನಗಲಿಲ್ಲ. ಪಿತ್ತಕೋಶ ಊದಿ, ಕಪ್ಪಾಗಿ, ಇಂದೋ ನಾಳೆಯೋ ಎನ್ನುವಂತಿತ್ತು. ಸರ್ಜನ್ ಉಸಿರು ಬಿಗಿಹಿಡಿದು ಅದನ್ನು ಒಡೆಯದಂತೆ ಬಿಡಿಸಿದರು. ಪರದೆಯ ಮೇಲೆ ಹಸಿರು ಗೆರೆ ತನ್ನ ಪಾಡಿಗೆ ಏರಿಳಿಯುತ್ತಿತ್ತು. ಡಾಕ್ಟರಮ್ಮ ಆ ಗೆರೆಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಆದರೆ ತಲೆಯೊಳಗೆ ಒಂದು ಬಲ್ಬು ಉರಿಯುತ್ತಲೇ ಇತ್ತು.

ಎಲ್ಲ ಮುಗಿದು, ಪಕ್ಕದ ಕೋಣೆಗೆ ತಂದಮೇಲೆ ಅವರು ಯಜಮಾನರ ಕೆನ್ನೆ ತಟ್ಟಿದರು. "ಯಜಮಾನ್ರೇ, ಉಸಿರು ಎಳ್ಕೊಳ್ಳಿ. ಕಣ್ಣು ಬಿಡಿ."

ಕಣ್ಣು ಬಿಡಲಿಲ್ಲ. ಮಗಳು ಬಾಗಿಲಲ್ಲಿ ಫೋನು ಎದೆಗವಚಿಕೊಂಡು ನಿಂತಿದ್ದಳು. ಇನ್ನೊಮ್ಮೆ ತಟ್ಟಿದಾಗ ಒಣಗಿದ ತುಟಿ ಅಲುಗಿತು. ಎಲ್ಲರೂ ನೀರಿನ ಹತ್ತಿಗೆ ಕೈ ಚಾಚಿದರು.

"…ಗುಬ್ಬಚ್ಚಿ ಗೂಡು ಕಟ್ಟಿತ್ತು," ಎಂದರು ಯಜಮಾನರು. "ಮೊಟ್ಟೆ ಇದ್ವು ಡಾಕ್ಟ್ರೇ. ಬೆಚ್ಚಗಿರಲಿ ಅಂತ."

ಕೆನ್ನೆಯ ಮೇಲೆ ಡಾಕ್ಟರಮ್ಮನ ಕೈ ಅಲ್ಲೇ ನಿಂತಿತು. ನರ್ಸಿನ ಕೈಯ ಹತ್ತಿಯಿಂದ ನೀರು ತೊಟ್ಟಿಕ್ಕಿ ಹಾಸಿಗೆ ಒದ್ದೆಯಾಗುತ್ತಿತ್ತು.

ಆಗ ಯಜಮಾನರು ಕಣ್ಣು ಬಿಟ್ಟು, ಸುತ್ತ ನಿಂತವರ ಮುಖಗಳನ್ನು ನೋಡಿ, ಸ್ವಲ್ಪ ಅಸಹನೆಯಿಂದ ಕೇಳಿದರು:

"ಸರಿ, ಮಾತು ಸಾಕು. ಯಾವಾಗ ಮಲಗಿಸ್ತೀರಿ?"