ಬೆಕ್ಕಿನ ಬಿಳಿ ರಕ್ತಕಣ

ಮದುವೆಯಾದಾಗಿನಿಂದ ನನಗೆ ಸಿಗದ ಹೆಂಡತಿಯ ಮಡಿಲು ಆ ಬೆಕ್ಕಿಗೆ ಸಿಕ್ಕಿತ್ತು. ಪಶುವೈದ್ಯೆಯ ಮುಂದೆಯೂ ಅವಳು ಅದನ್ನು ಅವಚಿಕೊಂಡೇ ರಕ್ತ ತೆಗೆಸಿದಳು. ನನ್ನ ಹೊಟ್ಟೆ ಉರಿಯಿತು.

“ಬಿಳಿ ರಕ್ತಕಣ ಜಾಸ್ತಿ ಇದೆ,” ಎಂದರು ವೈದ್ಯೆ.

“ಸೋಂಕಾ ಡಾಕ್ಟ್ರೇ?” ಹೆಂಡತಿಯ ದನಿ ನಡುಗಿತು. ನನ್ನ ಜ್ವರಕ್ಕೆ ಅದು ಎಂದೂ ನಡುಗಿರಲಿಲ್ಲ.

“ಬೆಕ್ಕಿಗೆ ಹೆದರಿಕೆಯಾದ್ರೂ ಏರುತ್ತೆ. ಇನ್ನೊಂದ್ಸಲ ನೋಡೋಣ. ಸಮಾಧಾನ ಆಗೋವರೆಗೂ ನೀವು ಇಟ್ಕೊಳ್ಳಿ ಸಾರ್.”

ಒಲ್ಲದ ಮನಸ್ಸಿನಿಂದ ತೊಡೆಯ ಮೇಲೆ ಕೂರಿಸಿಕೊಂಡೆ. ಅದು ಹಾಗೇ ನಿದ್ದೆಹೋಯಿತು. ಅಲ್ಲೇ ಮತ್ತೆ ರಕ್ತ ತೆಗೆದರು.

“ಈಗ ಸರಿಯಾಗಿದೆ. ಕಾಯಿಲೆ ಏನಿಲ್ಲ, ಬರೀ ಹೆದರಿಕೆ. ನಿಮ್ಮ ಹತ್ರ ಆರಾಮಾಗಿದೆ ನೋಡಿ.”

ಹೆಂಡತಿ ಬೆಕ್ಕನ್ನು ನನ್ನ ತೊಡೆಯಿಂದ ಎಳೆದಳು. ಅದರ ಉಗುರುಗಳು ನನ್ನ ಅಂಗಿಯನ್ನು ಬಿಡಲಿಲ್ಲ.