ಹುಲ್ಲಿನ ಎಸಳೂ ಕಾಣುವ ಆಟ

ಹಳೆಯ ಯಂತ್ರವನ್ನು ಅಂಗಡಿಗೆ ಒಪ್ಪಿಸಿ ಹೊಸದನ್ನು ಹೊತ್ತು ತರುವ ಸಡಗರದಲ್ಲಿ, ಹಳೆಯದರೊಂದಿಗೆ ಮನೆಯಿಂದ ಇನ್ನೇನು ಹೊರಟುಹೋಗುತ್ತದೆಂದು ನೀವು ಒಮ್ಮೆಯಾದರೂ ಯೋಚಿಸಿದ್ದೀರಾ? ಶ್ರೀಪ್ರಿಯಾ ಯೋಚಿಸಿರಲಿಲ್ಲ. ಆದುದರಿಂದಲೇ ಆ ಶನಿವಾರ ಸಂಜೆ ಅವಳು ತಮ್ಮ ಗುರುಚರಣನ ಕೈ ಹಿಡಿದುಕೊಂಡು ಮದ್ರಾಸಿನ ಅಣ್ಣಾ ನಗರದ ವಿಡಿಯೊ ಗೇಮ್ ಅಂಗಡಿಯ ಮೆಟ್ಟಿಲನ್ನು ಮತ್ತೆ ಹತ್ತಬೇಕಾಯಿತು.

ಗುರುಚರಣನಿಗೆ ಹದಿನೈದನೆಯ ವಯಸ್ಸಿನಲ್ಲಿ ದೃಷ್ಟಿ ಹೋಗಿತ್ತು. ಕಣ್ಣಿದ್ದಾಗ ಆಡುತ್ತಿದ್ದ ಕಾಳಗದ ಆಟವೊಂದನ್ನು ಅವನು ಕಿವಿಯಿಂದ ಮೊದಲಿನಿಂದ ಕಲಿತಿದ್ದ. ಎದುರಾಳಿ ಎಡಕ್ಕೆ ಸರಿದರೆ ಎಡಗಡೆಯ ಸ್ಪೀಕರಿನಲ್ಲಿ ಹೆಜ್ಜೆ. ನೆಗೆದರೆ ಬಟ್ಟೆಯ ಪಟಪಟ. ಒದೆಯುವ ಮುನ್ನ ಒಂದು ಸಣ್ಣ ಉಸಿರು. ಅವನಿಗೆ ಇಷ್ಟು ಸಾಕಿತ್ತು. ಬೀದಿಯಲ್ಲಿ ‘ಪಾವಂ’ ಎಂದು ಮರುಗಿ ದಾರಿ ಬಿಡುತ್ತಿದ್ದ ಹುಡುಗರೇ ಅವನ ಮನೆಯ ಚಾಪೆಯ ಮೇಲೆ ಕುಳಿತು ಸೋಲುತ್ತಿದ್ದರು, ಸಿಟ್ಟಾಗುತ್ತಿದ್ದರು, ಇನ್ನೊಂದು ಆಟಕ್ಕೆ ಪಟ್ಟು ಹಿಡಿಯುತ್ತಿದ್ದರು. ಎದುರು ಮನೆಯ ನಿಶಾಂತನಂತೂ ಪ್ರತಿ ಶನಿವಾರ ಸೋತು, ಬಾಯಿಗೆ ಬಂದಂತೆ ಬೈದು ಎದ್ದು ಹೋಗುತ್ತಿದ್ದ. ಗುರುಚರಣನನ್ನು ಯಾರಾದರೂ ಮನಸಾರೆ ಬೈಯುತ್ತಿದ್ದ ಸ್ಥಳ ಲೋಕದಲ್ಲಿ ಆ ಚಾಪೆಯೊಂದೇ.

ದೀಪಾವಳಿಯ ಬೋನಸ್ಸಿನಲ್ಲಿ ತಮ್ಮನಿಗೆ ಅನಿರೀಕ್ಷಿತ ಉಡುಗೊರೆ ಕೊಡಹೊರಟ ಶ್ರೀಪ್ರಿಯಾ, ಅವನಿಗೆ ತಿಳಿಸದೆಯೇ ಆ ಆಟದ ಯಂತ್ರವನ್ನು ಎಕ್ಸ್‌ಚೇಂಜಿಗೆ ಹಾಕಿದ್ದಳು. ಹಳೆಯ ಡಿಸ್ಕುಗಳು ಹೊಸದರಲ್ಲಿ ಓಡುತ್ತವೆಯೇ ಎಂದು ಕೇಳುವುದನ್ನೇನೂ ಮರೆತಿರಲಿಲ್ಲ. ಎಲ್ಲವೂ ಓಡುತ್ತವೆ ಎಂದವನು ಅಂಗಡಿಯ ಅಭಿಲಾಷ್, ಹಾಸನದ ಕಡೆಯಿಂದ ಹೊಸದಾಗಿ ಬಂದವನು. ಮದ್ರಾಸಿನಲ್ಲಿ ಮೂರು ತಲೆಮಾರು ಕಳೆದ ಕನ್ನಡ ಮನೆತನದ ಹೆಣ್ಣುಮಗಳು, ಅಂಗಡಿಯವನು ಕನ್ನಡದಲ್ಲಿ ಹೇಳಿದನೆಂಬ ಒಂದೇ ಕಾರಣಕ್ಕೆ, ಒಂದು ಡಿಸ್ಕನ್ನಾದರೂ ಹಾಕಿ ನೋಡದೆ ನಂಬಿಬಿಟ್ಟಳು. ಅವನು ಅದನ್ನೇ ತಮಿಳಿನಲ್ಲಿ ಹೇಳಿದ್ದರೆ ಖಂಡಿತವಾಗಿ ಪರೀಕ್ಷಿಸುತ್ತಿದ್ದಳು.

ಮನೆಯಲ್ಲಿ ಹೊಸ ಯಂತ್ರವು ಹಳೆಯ ಡಿಸ್ಕುಗಳನ್ನು ಒಂದೊಂದಾಗಿ ಹೊರಗೆ ಉಗುಳಿತ್ತು. ಈಗ ಅಭಿಲಾಷ್ ಹೇಳಿದ ಸಮಾಧಾನ ಹೀಗಿತ್ತು: ಮೊದಲು ಬಂದ ಮಾದರಿಯಲ್ಲಿ ಹಳೆಯ ಆಟಗಳು ಓಡುತ್ತಿದ್ದವು, ಈ ಮಾದರಿಯಲ್ಲಿ ಕಂಪನಿಯವರು ಆ ಸೌಕರ್ಯವನ್ನು ತೆಗೆದುಹಾಕಿದ್ದಾರೆ, ತನಗೂ ಈಚೆಗೆ ತಿಳಿಯಿತು. ಹಳೆಯ ಯಂತ್ರವಂತೂ ಆಗಲೇ ತಿರುವೊಟ್ಟಿಯೂರಿನ ಗೋದಾಮಿಗೆ ಹೋಗಿದೆ, ಇಷ್ಟು ಹೊತ್ತಿಗೆ ಬಿಚ್ಚಿ ಬಿಡಿಭಾಗ ಮಾಡಿರುತ್ತಾರೆ. ಇಷ್ಟನ್ನು ತಗ್ಗಿದ ದನಿಯಲ್ಲಿ ಒಪ್ಪಿಸಿದವನಿಗೆ, ಮಾರುವ ವಸ್ತು ನೆನಪಾದೊಡನೆ ಕಂಠ ಮರಳಿ ಬಂದಿತು.

“ಬೇಜಾರು ಯಾಕೆ ಸಾರ್? ಅದೇ ಆಟ ರೀಮಾಸ್ಟರ್ ಆಗಿ, ಹೊಸ ರೂಪದಲ್ಲಿ ಬಂದಿದೆ. ಪಿಕ್ಚರ್ ಎಷ್ಟು ಕ್ಲಿಯರ್ ಅಂದ್ರೆ, ಹುಲ್ಲಿನ ಎಸಳು ಎಣಿಸ್ಬಹುದು.”

“ಎಣಿಸಿ ಹೇಳಿ, ಕಾಯ್ತೀನಿ,” ಎಂದ ಗುರುಚರಣ.

ಅಂಗಡಿಯ ಯಂತ್ರಕ್ಕೇ ಆ ಡಿಸ್ಕನ್ನು ಹಾಕಲಾಯಿತು. ಎದುರಾಳಿಯಾಗಿ ಅಭಿಲಾಷನೇ ಕುಳಿತ. ಹೆಜ್ಜೆ ಕೇಳಬೇಕಾದ ಎಡೆಯಲ್ಲಿ ಗುರುಚರಣನಿಗೆ ಪಿಟೀಲುಗಳ ದೊಡ್ಡ ಮೇಳ ಕೇಳಿಸಿತು. ಸಂಗೀತವನ್ನು ನಿಲ್ಲಿಸಲು ಹೇಳಿದ, ನಿಲ್ಲಿಸಿದರು. ಆಗಲೂ ಹೆಜ್ಜೆಯಿಲ್ಲ, ಉಸಿರಿಲ್ಲ. ಆ ಗೊರಗೊರವನ್ನೆಲ್ಲ ಶುದ್ಧ ಮಾಡಿದ್ದಾರೆ ಎಂದು ಅಭಿಲಾಷ್ ಹೆಮ್ಮೆಯಿಂದ ವಿವರಿಸಿದ. ಏನು ಕೊರತೆಯಿದೆಯೆಂದು ಕಂಪನಿಯವರು ಕಣ್ಣಿದ್ದವರನ್ನೇ ಕೇಳಿರಬೇಕು, ಎಂದುಕೊಂಡ ಗುರುಚರಣ. ಅವರು ಹುಲ್ಲು ಎಂದಿರಬೇಕು, ಇವರು ಬೆಳೆಸಿಕೊಟ್ಟರು. ಇದ್ದುದನ್ನು ಕಿತ್ತು, ಬೇಡದ್ದನ್ನು ಮೆತ್ತಿ, ಒಮ್ಮೆ ಕೊಂಡವನಿಗೇ ಮತ್ತೊಮ್ಮೆ ಮಾರುವುದಕ್ಕೆ ಸುಧಾರಣೆ ಎಂದು ಹೆಸರಿಡಲು ಎಷ್ಟು ದಪ್ಪ ಚರ್ಮ ಬೇಕು.

ಮೊದಲ ಸುತ್ತಿನಲ್ಲಿ ಏಟು ಯಾವ ಕಡೆಯಿಂದ ಬಂದಿತೆಂದು ತಿಳಿಯುವ ಮುನ್ನವೇ ಅವನು ಬಿದ್ದ. ಎರಡನೆಯದರಲ್ಲಿಯೂ ಹಾಗೆಯೇ. ಮೂರನೆಯ ಸುತ್ತಿನಲ್ಲಿ ಮಾತ್ರ ಗೆದ್ದುಬಿಟ್ಟ. ಜಯಘೋಷ ಮೊಳಗಿತು, ಹಿಂದೆ ನಿಂತಿದ್ದ ಶ್ರೀಪ್ರಿಯಾ ಚಪ್ಪಾಳೆ ತಟ್ಟಿದಳು.

ಗುರುಚರಣ ಕಂಟ್ರೋಲರನ್ನು ಕೆಳಗಿಟ್ಟ. “ಸಾರ್, ಅರ್ಧ ಆಟದಿಂದ ನಿಮ್ಮ ಬಟನ್ ಸದ್ದೇ ಇರಲಿಲ್ಲವಲ್ಲ?”

“ಹಾಗೇನಿಲ್ಲ ಸಾರ್, ನೀವೇ ಚೆನ್ನಾಗಿ ಹೊಡೆದ್ರಿ,” ಎಂದು ಅಭಿಲಾಷ್ ತೊದಲಿದ.

“ಅಕ್ಕಾ, ನೀನು ಸನ್ನೆ ಮಾಡಿದ್ಯಾ?”

ಅವಳ ಬಳೆಗಳ ಸದ್ದು ಥಟ್ಟನೆ ನಿಂತಿತು. “ನೀನು ಎರಡು ಸಲ ಬಿದ್ದದ್ದನ್ನ ನೋಡೋಕಾಗ್ಲಿಲ್ಲಡಾ,” ಎಂದಳು.

“ಬಾ, ಹೋಗೋಣ. ನಿಶಾಂತ ಬಂದು ಕೂತಿರ್ತಾನೆ,” ಎಂದು ಅವನು ಕೈ ಚಾಚಿದ. “ಇನ್ಮೇಲೆ ಅವನೂ ಹೀಗೇ ಸೋಲ್ತಾನೆ.”

ಓದುಗರೇ, ಅಂಥ ಹಳೆಯ ಯಂತ್ರವೊಂದು ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಧೂಳು ತಿನ್ನುತ್ತಿದ್ದರೆ, ಮುಂದಿನ ಹಬ್ಬದ ರಿಯಾಯಿತಿಗೆ ಆಸೆಪಟ್ಟು ಅದನ್ನು ಅಂಗಡಿಗೆ ಹೊತ್ತೊಯ್ಯಬೇಡಿ. ಅಣ್ಣಾ ನಗರದಲ್ಲಿ ಗುರುಚರಣನ ಮನೆಯನ್ನು ವಿಚಾರಿಸಿ, ದಯಮಾಡಿ ಅಲ್ಲಿಗೆ ತಲುಪಿಸಿ. ಅದರಲ್ಲಿ ಚಿತ್ರ ಮೂಡದಿದ್ದರೂ ಚಿಂತೆಯಿಲ್ಲ.