ರೇಷ್ಮೆ ಕುಲಾವಿ

ಡೆಟ್ಲೆಫ್ ಹಳೆ ಪಿಸ್ತೂಲಿನ ಅಲ್ಯೂಮಿನಿಯಂ ತೋಟಾವನ್ನು ಕಾಫಿ ಮೇಜಿನ ಮೇಲೆ ಬೋರಲು ಹಾಕಿ ತಟ್ಟಿದ. ಧೂಳು ಬಿಟ್ಟರೆ ಏನೂ ಉದುರಲಿಲ್ಲ.

"ಇದೂ ಖಾಲಿ," ಎಂದು ಹಲ್ಲು ಕಡಿದ. ಯುದ್ಧಕಾಲದಲ್ಲಿ ಜರ್ಮನ್ ಸೈನಿಕರು ಇರುಳಿನ ಆಕಾಶಕ್ಕೆ ಬೆಳಕು ಹಾರಿಸುತ್ತಿದ್ದ ಪಿಸ್ತೂಲು ಅವನ ಬಳಿಯಿತ್ತು, ಅದರ ಚರ್ಮದ ಚೀಲವೂ ಇತ್ತು. ಆ ಬೆಳಕನ್ನು ಮೇಲೆ ತೇಲಿಸುವ ಪುಟ್ಟ ರೇಷ್ಮೆ ಪ್ಯಾರಾಚೂಟ್ ಮಾತ್ರ ಯಾವ ತೋಟಾದಲ್ಲೂ ಸಿಕ್ಕಿರಲಿಲ್ಲ. ಅದನ್ನೂ ಕೂಡಿಸಿಡುವ ಹುಚ್ಚಿಗೆ ಹಳೆ ಸಾಮಾನಿನ ಸಂತೆ ಸಂತೆ ಅಲೆದು ಸಾಕಾಗಿತ್ತು. ಈಗ ದೊಡ್ಡಮ್ಮ ವಾಲ್ಬುರ್ಗಾಳ ಅಟ್ಟದಲ್ಲಿ ಸಿಕ್ಕಿದ್ದರ ಹಣೆಬರಹವೂ ಅಷ್ಟೇ. ಸಿಟ್ಟಿನಲ್ಲಿ ಪಿಸ್ತೂಲು ಎತ್ತಿಕೊಂಡು, ಅದರ ಚೀಲದಲ್ಲೇ ಇಟ್ಟಿದ್ದ ಎಣ್ಣೆಬಟ್ಟೆಯಿಂದ ಗಸಗಸ ಉಜ್ಜತೊಡಗಿದ.

"ಯಾರು ಬಿಚ್ಚಿದ್ದು ಇದನ್ನ?"

"ನಮ್ಮಮ್ಮ. ಯುದ್ಧ ಮುಗಿದ ವರ್ಷ," ದೊಡ್ಡಮ್ಮ ಪ್ಲಮ್ ಕೇಕ್ ಕೊಯ್ಯುತ್ತ ಹೇಳಿದಳು. "ನಿಮ್ಮಮ್ಮ ಹುಟ್ಟಿದ್ಲು. ದೀಕ್ಷಾಸ್ನಾನಕ್ಕೆ ಕೂಸಿಗೊಂದು ಕುಲಾವಿ ಬೇಡವಾ? ಬಟ್ಟೆ ಎಲ್ಲಿತ್ತು ಆಗ? ಆ ರೇಷ್ಮೇಲೇ ಹೊಲಿದ್ಲು. ಅಂಚಿಗೆ ನೀಲಿ ಹೂವು ಹಾಕಿದ್ದು ನಾನು, ಸೂಜಿ ಹಿಡಿಯೋಕೂ ಬರ್ತಿರ್ಲಿಲ್ಲ, ಎಲ್ಲಾ ಸೊಟ್ಟ. ನಿನಗೂ ಅದನ್ನೇ ಹಾಕಿದ್ವಿ. ನೀನು ಕಿರುಚಿದ್ದಕ್ಕೆ ಪಾದ್ರಿ ಮಂತ್ರಾನೇ ಮರೆತಿದ್ದ."

"ಈಗೆಲ್ಲಿದೆ ದೊಡ್ಡಮ್ಮ? ಕುಲಾವಿಯಾದ್ರೂ ಸರಿ, ಕೊಡು."

"ನಿಮ್ಮಮ್ಮನ ಬೀರುವಲ್ಲಿತ್ತು. ಅವಳು ಹೋದ್ಮೇಲೆ ಮನೆ ಖಾಲಿ ಮಾಡಿದವನು ನೀನು. ನನ್ನ ಕೇಳ್ತೀಯಲ್ಲ."

ಉಜ್ಜುತ್ತಿದ್ದ ಕೈ ನಿಂತಿತು. ಅಮ್ಮನ ಬೀರುವಿನಲ್ಲಿ ಮೆತ್ತಗೆ ಕಂಡ ಹಳೆ ಬಟ್ಟೆಯನ್ನೆಲ್ಲ ಪಿಸ್ತೂಲು ಒರೆಸಲೆಂದು ಅವನೇ ಹರಿದಿಟ್ಟುಕೊಂಡಿದ್ದ. ದೊಡ್ಡಮ್ಮ ಚಾಕು ಕೆಳಗಿಟ್ಟು, ಅವನ ಮುಷ್ಟಿಯನ್ನು ಬೆರಳು ಬೆರಳಾಗಿ ಬಿಡಿಸಿದಳು. ಎಣ್ಣೆಗೆ ಕಪ್ಪಾದ ಚಿಂದಿಯ ಅಂಚಿನಲ್ಲಿ ಒಂದು ಸೊಟ್ಟ ನೀಲಿ ಹೂವಿತ್ತು.